ಮುನ್ನೂರ ಅರವತ್ತು

ಮಾಂಕ್ಟನ್ನಿನ ನದಿ ದಿನಕ್ಕೆರಡು ಸಲ ಹಿಂದಕ್ಕೆ ಹರಿಯುತ್ತದೆ.
ಬ್ಯಾಂಕಿನ ಕಿಟಕಿಯಿಂದ ಕಾಣುತ್ತದೆ, ಕಂದು ನೀರು
ಏರಿ ಬರುವುದು, ಸಮುದ್ರ ತಾನು ಕೊಟ್ಟದ್ದರ
ಲೆಕ್ಕ ಕೇಳಲು ಹೊರಟಂತೆ.
ಹತ್ತೊಂಬತ್ತು ವರ್ಷದಿಂದ ಅದಕ್ಕೆ ಬೆನ್ನು ಹಾಕಿ ಕೂತು
ಮನೆಸಾಲ ಕೊಡುತ್ತಿದ್ದೇನೆ.

ಗಿಸ್ಲೆನ್ ಮೆಲಾನ್ಸನ್ ಬಂದದ್ದು ಮಾರ್ಚಿಯ ಮಂಗಳವಾರ,
ಶಾಲೆಯ ಹಳದಿ ಬಸ್ಸನ್ನು ಹಿಂದಿನ ಬೀದಿಯಲ್ಲಿ ನಿಲ್ಲಿಸಿ.
ಮಕ್ಕಳ ಗಂಟೆ ಬಾರಿಸಲು ಇನ್ನೂ ಹೊತ್ತಿತ್ತು.
ಬೂಟಿನ ಉಪ್ಪುಮಂಜು ಕರಗಿ ಕಾರ್ಪೆಟ್ಟಿನ ಮೇಲೆ
ಯಾವುದೋ ದ್ವೀಪದ ನಕಾಶೆಯಾಯಿತು.
ನಲವತ್ತೇಳು ವಯಸ್ಸು. ಒಬ್ಬಳೇ.
ಬೇಕಾದದ್ದು ಮೂರು ಲಕ್ಷ ಡಾಲರ್:
ಹಿತ್ತಿಲಲ್ಲೊಂದು ಸೇಬಿನ ಮರ,
ಬೀದಿಯಿಂದ ಬಾಗಿಲಿಗೆ ಏಳು ಮೆಟ್ಟಿಲು.

ನೂರಕ್ಕೆ ಐದು, ಅಂದೆ.
ಸಣ್ಣದು. ಒಂದು ಕೈಯ ಬೆರಳಲ್ಲಿ ಎಣಿಸಿ ಮುಗಿಸಬಹುದು.
ಆದರೆ ಐದಕ್ಕೆ ನಿದ್ದೆಯಿಲ್ಲ, ಭಾನುವಾರವಿಲ್ಲ,
ಬಸ್ಸು ಹಿಮದಲ್ಲಿ ಹೂತ ದಿನವೂ
ಅದು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗುತ್ತದೆ.

ಪರದೆಯ ಮೇಲೊಂದು ಗುಂಡಿ, ಬೆರಳಿಟ್ಟರೆ ಜಾರುತ್ತದೆ.
ಇಪ್ಪತ್ತೈದು ವರ್ಷಕ್ಕೆ ಇಟ್ಟರೆ
ತಿಂಗಳಿಗೆ ಸಾವಿರದ ಏಳುನೂರ ನಲವತ್ತೈದು.
ಅವಳ ದವಡೆ ಬಿಗಿಯಿತು.
ಮೂವತ್ತಕ್ಕೆ ಜಾರಿಸಿದೆ. ಸಾವಿರದ ಆರುನೂರ ಒಂದು.
ಉಸಿರು ಸಡಿಲ. ಇಂಥ ಉಸಿರು ಕೇಳಿದೊಡನೆ
ನಾನು ಪೆನ್ನು ಮುಂದೆ ಚಾಚುವುದು ರೂಢಿ.

ಚಾಚಲಿಲ್ಲ, ಯಾಕೋ.
ಕೆಳಗಿನ ಸಣ್ಣಕ್ಷರದ ಸಾಲು ತೋರಿಸಿದೆ:
ಐದು ವರ್ಷ ಹೆಚ್ಚಿಗೆ ಪಡೆದದ್ದಕ್ಕೆ
ಐವತ್ತಮೂರು ಸಾವಿರದ ಹತ್ತಿರ.
"ಸಮಯವನ್ನೂ ಮಾರುತ್ತೀರಾ ನೀವು?"
"ಅದನ್ನೊಂದೇ. ಮನೆ ಮಾರುವವರು ಬೇರೆ."

"ಮೊದಲ ಕಂತಿನಲ್ಲಿ ನನ್ನದೆಷ್ಟು?"
ಅಸಲು ಪ್ರಶ್ನೆ, ಅಸಲಿನದೇ ಪ್ರಶ್ನೆ.
ಸಾವಿರದ ಇನ್ನೂರ ಮೂವತ್ತೇಳು ಬಡ್ಡಿಯ ಬಾಯಿಗೆ,
ಮಿಕ್ಕ ಮುನ್ನೂರ ಅರವತ್ತು ಚಿಲ್ಲರೆ ಮನೆಯ ಪಾಲಿಗೆ.
ಕಂತುಗಳೂ ಮುನ್ನೂರ ಅರವತ್ತು.
ಇಬ್ಬರೂ ನಕ್ಕೆವು, ಬೇರೆ ಬೇರೆ ಕಾರಣಕ್ಕೆ.

ಲಕೋಟೆಯ ಬೆನ್ನ ಮೇಲೆ ಅವಳು ಮನೆ ಬರೆದಳು.
"ಒಂದು ವರ್ಷಕ್ಕೆ?"
ಕೆಳಗಿನ ಮೆಟ್ಟಿಲು ಅಂತಿಟ್ಟುಕೊಳ್ಳಿ.
"ಇಪ್ಪತ್ತಕ್ಕೆ?"
ಅರ್ಧ ಮನೆ. ಆಗ ನಿಮಗೆ ಅರವತ್ತೇಳು.
ಒಲೆ ನಿಮ್ಮದಾದರೆ ಹಾಸಿಗೆ ನಮ್ಮದು.
ಇನ್ನರ್ಧ ಹತ್ತೇ ವರ್ಷದಲ್ಲಿ ಓಡಿ ಬರುತ್ತದೆ,
ಓಡುವ ವಯಸ್ಸು ದಾಟಿದ ಮೇಲೆ.
ನಡುವೆ ಐದು ವರ್ಷಕ್ಕೊಮ್ಮೆ ದರ ಹೊಸದು.
ಐದು ಆರಾದರೆ, ಇವತ್ತು ಉಳಿದ ನೂರ ನಲವತ್ತನಾಲ್ಕು
ಅಂದೇ ನೀರುಪಾಲು.

ಅವಳು ಕಿಟಕಿಯತ್ತ ನೋಡಿದಳು.
ಕೆಸರು ದಂಡೆಯಾಚೆ ಸೂರ್ಯ ಕಂತುತ್ತಿದ್ದ,
ಯಾರಿಗೂ ಏನೂ ಬಾಕಿಯಿಲ್ಲದವನಂತೆ.
"ತೆರಿಗೆಯದು ಏಪ್ರಿಲ್‌ನಲ್ಲಿ ಸಾವಿರದ ಇನ್ನೂರು ವಾಪಸು ಬರುತ್ತೆ.
ತಂದು ಕಟ್ಟಲೇ?"
ಕಟ್ಟಿ. ಆ ತುದಿಯಲ್ಲಿ ಮೂರು ಕಂತು ಅಳಿಯುತ್ತದೆ.
"ಮೂರು ತಿಂಗಳು," ಅಂದಳು, ಯಾರದೋ ಹೆಸರು ಹೇಳುವಂತೆ.
"ಎಪ್ಪತ್ತಾರನೆಯ ವಯಸ್ಸಿನ ಮೂರು ತಿಂಗಳು."
ಮೂವತ್ತಕ್ಕೇ ಸಹಿ ಹಾಕಿದಳು. ಬೇರೆ ದಾರಿಯಿರಲಿಲ್ಲ.
ಲಕೋಟೆಯನ್ನು ಮರೆಯದೆ ಒಯ್ದಳು.

ಮರುವರ್ಷದ ಹಿಮಕ್ಕೆ ಆ ಬೀದಿಯಲ್ಲಿ ಹೋಗುತ್ತಿದ್ದೆ.
ಏಳು ಮೆಟ್ಟಿಲಲ್ಲಿ ಕೆಳಗಿನದೊಂದೇ
ಗೋರಿ, ಗುಡಿಸಿ, ಉಪ್ಪು ಹಾಕಿ ಥಳಥಳ.
ಎರಡನೆಯದರ ಅಂಚಿನಲ್ಲಿ ಒಂದು ಗೇಣು,
ಗೆರೆ ಕೊರೆದಂತೆ ನೇರ. ಏಪ್ರಿಲ್‌ನದು.
ಮೇಲೆಲ್ಲ ಮೊಣಕಾಲುದ್ದ ಬಿಳಿ.

ಬಾಗಿಲಲ್ಲಿ ಅವಳು, ಕಾಫಿಯ ಬಟ್ಟಲು ಹಿಡಿದು:
"ನನ್ನದು ಮುಗಿಯಿತು.
ಉಳಿದದ್ದು ನಿಮ್ಮದಲ್ಲವೇ?"

ಕಾರಿನ ಡಿಕ್ಕಿ ತೆಗೆದೆ.
ಸಲಿಕೆ ಅಲ್ಲೇ ಇತ್ತು.