ಆರು ನಲವತ್ತರ ಪ್ರಕಟಣೆ

ಮೊದಲ ದಿನ ಒಲುವೊಚ್ ಮೇಷ್ಟ್ರು
ನಮಗೆ ಪುಸ್ತಕ ಕೊಡಲಿಲ್ಲ.
"ಪಕ್ಕದವರ ಹೆಸರು ಕೇಳಿ, ಬರೆದು ತನ್ನಿ" ಅಂದರು.
ಅರವತ್ತೆರಡು ಮಂದಿ. ಹತ್ತೊಂಬತ್ತು ಹೆಸರು ತಪ್ಪು.
ಅವೂರ್ ಎಂಬ ನನ್ನ ಹೆಸರಲ್ಲಿ ಕಿಪ್ಲಿಮೊ ಒಂದಕ್ಷರ ನುಂಗಿದ್ದ,
ನಾನು ಅವನದಕ್ಕೊಂದು ಬಾಲ ಸೇರಿಸಿದ್ದೆ.
ಮೇಷ್ಟ್ರಿಗೆ ಒಂದು ಕಿವಿ ಮಂದ. ಮೂವತ್ತು ವರ್ಷ
ಅಚ್ಚಿನ ಯಂತ್ರದ ಪಕ್ಕ ರಾತ್ರಿಪಾಳಿ ಮಾಡಿದ್ದಕ್ಕೆ ಸಿಕ್ಕ ಪಿಂಚಣಿ.
ಉಳಿದ ಕಿವಿಯನ್ನು ನಮ್ಮ ಕಡೆ ತಿರುಗಿಸಿ ಕೇಳಿದರು:
"ಬದುಕಿದವರ ಹೆಸರೇ ಬರೆಯಲು ಬಾರದವರು
ಸತ್ತವರದನ್ನು ಏನು ಬರೆದೀರಿ?"

ಅಮ್ಮ ಸರೋವರದ ದಂಡೆಯಲ್ಲಿ ಬಲೆ ಹಾಸಿ
ಒಮೇನಾ ಒಣಗಿಸುತ್ತಾಳೆ. ಕಿರುಬೆರಳುದ್ದದ ಮೀನು,
ಲಕ್ಷ ಸೇರಿದರೆ ಒಂದು ಸೆಮಿಸ್ಟರ್.
ರಜೆಗೆ ಹೋದಾಗ ಕೇಳಿದಳು, ಏನು ಕಲಿಸಿದರು?
ಹೇಳಿದೆ.
"ಹೆಸರು ಕೇಳೋದಕ್ಕೆ ನಾಲ್ಕು ವರ್ಷವಾ?
ನಾನು ದಿನಾ ಕೇಳ್ತೀನಿ, ಸಾಲದ ಪುಸ್ತಕಕ್ಕೆ."

ಆಮೇಲೆ ನಾವು ಚೆಲ್ಲಿದ ಕಾಳಿನ ಹಾಗೆ ಚದುರಿದೆವು.
ನಫೂಲಾ ನೈರೋಬಿಯ ಟಿವಿಯಲ್ಲಿ, ಒಂಬತ್ತರ ಸುದ್ದಿ;
ಅವಳ ಹುಬ್ಬು ಈಗ ಇಡೀ ದೇಶಕ್ಕೆ ಗೊತ್ತು.
ಕಿಪ್ಲಿಮೊ ಬ್ಯಾಂಕೊಂದರ ವಕ್ತಾರ. "ವಿಷಾದಿಸುತ್ತೇವೆ" ಎಂಬುದನ್ನು
ಹದಿನೇಳು ಬಗೆಯಲ್ಲಿ ಬರೆಯಬಲ್ಲ.
ಮುಟಿಸೊ ಬೆಟ್ಟಿಂಗ್ ಕಂಪನಿಗೆ ಘೋಷಣೆ ಹೊಸೆಯುತ್ತಾನೆ,
ಸಂಬಳ ಕೇಳಬೇಡಿ, ಹೊಟ್ಟೆ ಉರಿಯುತ್ತದೆ.
ನಾನು ಹೋಮಾ ಬೇಯಲ್ಲಿ, ಪಂಕ್ಚರ್ ಅಂಗಡಿಯ ಮೇಲಿನ ರೇಡಿಯೊ,
ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದ ಕೋಣೆ.
ಬೆಳಿಗ್ಗೆ ಆರೂವರೆಗೆ ಮೀನಿನ ದರ,
ಆರು ನಲವತ್ತಕ್ಕೆ ಸಾವಿನ ಪ್ರಕಟಣೆ.
ತಲಾ ಐನೂರು ಶಿಲ್ಲಿಂಗ್, ಮುಂಗಡ.

ಒಂದು ಮಂಗಳವಾರದ ಚೀಟಿ:
ಜೇಕಬ್ ಒಗಲ್ಲೊ, ಐವತ್ತೆಂಟು ವರ್ಷ, ಅಲ್ಪಕಾಲದ ಅಸೌಖ್ಯ,
ಶನಿವಾರ ಮಣ್ಣು. ಕೆಳಗೆ ಬಂಧುಗಳ ಸಾಲು.
ಒಗಲ್ಲೊ. ಎಲ್ ಒಂದೋ, ಎರಡೋ?
ಚೀಟಿ ತಂದವನ ಫೋನು ಸ್ವಿಚ್ ಆಫ್.
ಹಳೆಯ ರಿಜಿಸ್ಟರಿನಲ್ಲಿ ಅದೇ ಹೆಸರು,
ಹೋದ ವರ್ಷ ದೋಣಿ ಮಾರಲು ಜಾಹೀರಾತು ಕೊಟ್ಟವ; ಪಕ್ಕದಲ್ಲಿ ನಂಬರು.
ಮನೆಯವರು ಯಾರಾದರೂ ಎತ್ತಲಿ ಎಂದು ಒತ್ತಿದೆ.
ಗಂಡುದನಿ, ಅದರ ಹಿಂದೆ ದೋಣಿ ಎಂಜಿನ್ನಿನ ಗುರುಗುಡು.
"ಜೇಕಬ್ ಒಗಲ್ಲೊ ಅವರ ಮನೆಯವರಾ?"
"ನಾನೇ ಜೇಕಬ್."

ಗಡಿಯಾರದಲ್ಲಿ ಆರು ಮೂವತ್ತೆಂಟು.
ಸತ್ತವನಿಗೆ ಅವನ ಸಾವನ್ನು ಹೇಗೆ ತಿಳಿಸುವುದು?
ಯಾವ ಪ್ರಶ್ನೆಪತ್ರಿಕೆಯಲ್ಲೂ ಬಂದಿರಲಿಲ್ಲ.
ಬರೆದದ್ದನ್ನು ಬರೆದ ಹಾಗೆ ಓದಿದೆ.
ಅವನು ಬೈಯಲಿಲ್ಲ, ನಗಲೂ ಇಲ್ಲ.
"ಬಂಧುಗಳಲ್ಲಿ ನನ್ನ ಮಗಳು ಅಮೊಂಡಿ ಇದ್ದಾಳಾ?"
ಹನ್ನೊಂದು ಹೆಸರು. ಬೆರಳಿಟ್ಟು ಎರಡು ಸಲ ನೋಡಿದೆ.
"ಇಲ್ಲ."
ಎಂಜಿನ್ ನಿಂತಿತು. ಮರದ ಒಡಲಿಗೆ
ನೀರು ಬಡಿಯುವುದಷ್ಟೇ ಕೇಳಿಸಿತು.
"ಹಾಗಾದರೆ ಬರೆದದ್ದು ನನ್ನ ತಮ್ಮನೇ.
ಹೊಲ ಅವಳ ಹೆಸರಿಗೆ ಮಾಡಿದ್ದೇನೆ, ಹೋದ ತಿಂಗಳು."

ಕೆಂಪು ದೀಪ ಹೊತ್ತಿಕೊಂಡಿತು.
ಕೈಯಲ್ಲಿ ಓದಬಾರದ ಹಾಳೆ, ಮುಂದೆ ಖಾಲಿ ಎರಡು ನಿಮಿಷ.
ಬಾಯಿಗೆ ಬಂದದ್ದು ಮೀನಿನ ದರ.
ಮತ್ತೊಮ್ಮೆ ಓದಿದೆ,
ನಿಧಾನವಾಗಿ, ಸಾವಿಗೆಂದು ಇಟ್ಟುಕೊಂಡ ದನಿಯಲ್ಲೇ.

ಐನೂರನ್ನು ನನ್ನ ಸಂಬಳದಲ್ಲಿ ಮುರಿದುಕೊಂಡರು.
ನಫೂಲಾ, "ಅಯ್ಯೋ, ಇದು ಒಂಬತ್ತರ ಸುದ್ದಿ, ನನಗೆ ಕೊಡು" ಅಂದಳು.
ಕೊಡಲಿಲ್ಲ.
ಮೊದಲು ಕೇಳಬೇಕಾದವಳು ಬೇರೆ ಇದ್ದಾಳೆ.

ಸಂಜೆ ಅಮ್ಮನ ಫೋನು:
"ಮೊದಲ ಸಲ ಒಮೇನಾ ಡಬ್ಬಿಗೆ ಇನ್ನೂರೈವತ್ತು ಅಂದೆ,
ಎರಡನೇ ಸಲ ಇನ್ನೂರನಲವತ್ತು.
ಬೆಳಿಗ್ಗೆಯಿಂದ ಎಲ್ಲರೂ ನಲವತ್ತನ್ನೇ ಹಿಡಕೊಂಡು ಜಗ್ಗಿದರು.
ನಿಮ್ಮ ಮೇಷ್ಟ್ರು ಇದ್ದಾರಾ ಇನ್ನೂ?
ಇದ್ದರೆ ಕೇಳು,
ಮೀನಿನ ದರ ಸರಿಯಾಗಿ ಓದೋದಕ್ಕೆ ಇನ್ನೆಷ್ಟು ವರ್ಷ ಅಂತ."

ನಾಳೆ ಆರೂವರೆಗೆ
ಮೊದಲು ತಿದ್ದುಪಡಿ.