ಹನ್ನೆರಡನೇ ರಿಜಿಸ್ಟರು

ಹೆಗ್ಗನಹಳ್ಳಿ ಕ್ರಾಸಿನಲ್ಲಿ ಇಳಿದು, ಬೇಕರಿ ದಾಟಿ,
ಹೊಲಿಗೆ ಮೆಷಿನ್ ರಿಪೇರಿ ಅಂಗಡಿಯ ಪಕ್ಕದ ಸಂದಿ.
ಬೋರ್ಡಿನಲ್ಲಿ ‘ಮಹಿಳಾ ಆರೋಗ್ಯ’ ಅಂತ ಮಾತ್ರ ಇದೆ.
ಉಳಿದದ್ದನ್ನು ಒಬ್ಬಳ ಕಿವಿಗೆ ಇನ್ನೊಬ್ಬಳು ಹಾಕುತ್ತಾಳೆ
ಗಾರ್ಮೆಂಟ್ಸಿನ ಕಕ್ಕಸಿನ ಸಾಲಿನಲ್ಲಿ ನಿಂತು.

ನನ್ನದು ಟೋಕನ್ ಕೊಡುವ ಕೆಲಸ, ರಿಜಿಸ್ಟರು ಬರೆಯುವ ಕೆಲಸ.
ಇಪ್ಪತ್ತಾರು ವರ್ಷ. ಹನ್ನೊಂದು ರಿಜಿಸ್ಟರು.
ಬಂದ ಕಾರಣ ಯಾರೂ ನೇರ ಹೇಳುವುದಿಲ್ಲ.
‘ತಿಂಗಳು ನಿಂತಿದೆ ಅಕ್ಕ’ ಅನ್ನುತ್ತಾರೆ,
‘ಯುಗಾದಿಯಿಂದ ಹೊರಗಾಗಿಲ್ಲ’ ಅನ್ನುತ್ತಾರೆ,
ಒಬ್ಬಳು ‘ಗ್ಯಾಸ್ಟ್ರಿಕ್ಕು’ ಅಂದು
ಗೋಡೆ ಗಡಿಯಾರವನ್ನೇ ನೋಡುತ್ತಾಳೆ.
ಎಲ್ಲ ಮಾತಿಗೂ ನನ್ನಲ್ಲಿ ಕಾಲಂ ಇದೆ.

ಹೋದ ಆಷಾಢದಿಂದ ನಮ್ಮ ಗೇಟಿನಾಚೆ ಅವರು.
ಎಂಟು ಜನ, ಕೆಲವು ಮಂಗಳವಾರ ಹದಿನಾರು.
ಟೀ ಶರ್ಟು ಒಂದೇ ಬಣ್ಣ,
ನೀರಿನ ಬಾಟಲಿ ಕೂಡ ಒಂದೇ ಕಂಪನಿ.
ಮೀಸೆ ಈಗಷ್ಟೇ ಚಿಗುರಿದ ಹುಡುಗನೊಬ್ಬ
ನನ್ನ ಅಂಗೈಯಲ್ಲಿ ಬೆರಳುದ್ದದ ರಬ್ಬರ್ ಕೂಸನ್ನಿಟ್ಟ,
ಜೊತೆಗೊಂದು ಕರಪತ್ರ:
‘ಪ್ರೀತಿಯ ತಾಯಿಯೇ, ನಿನ್ನೊಳಗಿನ ಧ್ವನಿಯನ್ನು ಆಲಿಸಲು
ಒಂದು ಕ್ಷಣವನ್ನು ತೆಗೆದುಕೋ.’
ತೆಗೆದುಕೊಳ್ಳೋಕೆ ಕ್ಷಣವೇನು ಕೊತ್ತಂಬರಿ ಕಟ್ಟೇ?
ವಿಮಾನದಿಂದ ಇಳಿದ ಕನ್ನಡ.
ಚಿತ್ರದ ಮಗುವಿಗೆ ಉಣ್ಣೆ ಟೋಪಿ. ಹಿಂದೆಲ್ಲ ಹಿಮ.

ಡಾಕ್ಟರ್ ಎಸ್ತರ್ ನಕ್ಕು ಫೋನು ತೋರಿಸಿದರು:
ಕಂಪಾಲಾದ ನರ್ಸೊಬ್ಬಳು ಕಳಿಸಿದ್ದು.
ಅದೇ ಮಗು, ಅದೇ ಟೋಪಿ, ಅವರ ಭಾಷೆಯ ಅದೇ ಕ್ಷಣ.
ಆಮೇಲೆ ಇಬ್ಬರೂ ನಗಲಿಲ್ಲ.
ಯಾವುದೋ ದೇಶದಲ್ಲಿ ಯಾರೋ ಒಂದು ಸಹಿ ಹಾಕಿದ್ದಾರೆ,
ಇಲ್ಲಿ ನಮ್ಮ ಬೀರುವಿನ ಎರಡನೇ ಅರೆ ಖಾಲಿ.
ಕಾಪರ್‌ಟಿ ಮುಗಿದಿದೆ. ಗುಳಿಗೆ ದೀಪಾವಳಿಯವರೆಗೆ.

ರಬ್ಬರ್ ಕೂಸು ನನ್ನ ಡ್ರಾಯರಿನಲ್ಲಿದೆ.
ಎಸೆಯಲು ಮನಸ್ಸು ಬರಲಿಲ್ಲ.
ಮೂರು ಹೆತ್ತೆ, ಒಂದನ್ನು ಮಣ್ಣಿಗಿಟ್ಟೆ.
ಆ ಹುಡುಗ ಅದನ್ನು ಕೇಳಲಿಲ್ಲ.

ಹದಿನಾಲ್ಕನೇ ಟೋಕನ್ನಿನವಳು (ಹೆಸರು ಬೇಡ)
ಗುಲಾಬಿ ಬಸ್ ಟಿಕೆಟ್ ಮುದುರುತ್ತ ನಿಂತಿದ್ದಳು.
ಅವರು ಫೋನು ಎತ್ತಿ ಹಿಡಿದರು.
ಬೇಕರಿಗೇ ಬಂದವಳಂತೆ
ದಿಲ್‌ಪಸಂದ್ ಕಟ್ಟಿಸಿಕೊಂಡು ಹೊರಟುಹೋದಳು.

ಮಾಲೀಕರು ಬಂದರು, ಗಂಗಬೈರಯ್ಯನವರು, ಮೇಲಿನ ಮನೆಯಿಂದ.
‘ಅರ್ಜಿ ಕೊಟ್ಟಿದ್ದಾರಮ್ಮ, ದೊಡ್ಡ ಜನ ಅವರ ಹಿಂದಿದ್ದಾರೆ.
ಪಾಪದ ದುಡ್ಡು ನಮಗ್ಯಾಕೆ?’
ಇಪ್ಪತ್ತಾರು ವರ್ಷ ಪ್ರತಿ ಐದನೇ ತಾರೀಖು
ಎಂಜಲು ಹಚ್ಚಿ ಎಣಿಸಿಕೊಂಡ ದುಡ್ಡು.

ಅವರು ಕೂತ ಕುರ್ಚಿಯ ಹಿಂದೆಯೇ ಬೀರು.
ಮೂರನೇ ರಿಜಿಸ್ಟರು, ನಲವತ್ತೊಂದನೇ ಪುಟ, ನನ್ನದೇ ಅಕ್ಷರ.
ಬಾಯಿ ಬಿಟ್ಟಿದ್ದರೆ ಸಾಕಿತ್ತು,
ಆ ಬಿಳಿ ಶರಟಿನ ಇಸ್ತ್ರಿ ಕೆಡುತ್ತಿತ್ತು.
ನಾಲಗೆಯ ತುದಿಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ.
ನುಂಗಿದೆ.
ಹಾಗೆ ಉಳಿಸಿಕೊಂಡ ಬಾಗಿಲೊಳಗೆ
ಯಾವ ಹೆಂಗಸು ಕಾಲಿಡಬೇಕು?
‘ಕಾಫಿ ತರಿಸಲಾ?’ ಅಂದೆ.

ಮುಂದಿನ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ
ಮೇಲಿನ ಮನೆಯಾಕೆ ಬಾಲ್ಕನಿ ತೊಳೆಯಲು ಶುರುವಿಟ್ಟರು.
ಶುಕ್ರವಾರ ತೊಳೆಯುವವರು.
ಒಂದು ಬಕೆಟ್ಟು, ಇನ್ನೊಂದು, ಮತ್ತೊಂದು.
ಅವರ ದೋಣಿ ಸುರಿಯುವುದು ಸರಿಯಾಗಿ ಗೇಟಿನಾಚೆ.
ಹುಡುಗ ಕರಪತ್ರದ ಕಟ್ಟನ್ನು ತಲೆಗೆ ಹಿಡಿದ;
ಹಿಮ ಕರಗಿ ಕಿವಿಯ ಹಿಂದೆ ಇಳಿಯಿತು.
ಆಕೆ ಕೆಳಗೆ ನೋಡಲಿಲ್ಲ. ನಾನು ಮೇಲೆ ನೋಡಲಿಲ್ಲ.

ಹದಿನಾಲ್ಕನೆಯವಳು ಬರಲಿಲ್ಲ.
ಬೇರೆ ಮೂವರು ಬಂದರು, ಚಪ್ಪಲಿ ಒದ್ದೆ ಮಾಡಿಕೊಂಡು.

ಕರಾರು ಮಾರ್ಚಿಗೆ ಮುಗಿಯುತ್ತದೆ.
ನಿನ್ನೆ ಅವೆನ್ಯೂ ರಸ್ತೆಗೆ ಹೋಗಿ
ಹನ್ನೆರಡನೇ ರಿಜಿಸ್ಟರು ತಂದೆ.
ನಾನೂರು ಪುಟದ್ದು. ಗಟ್ಟಿ ರಟ್ಟು.