ಇವತ್ತೆಷ್ಟು?

ಶಿಕಾರಿಪುರದಲ್ಲಿ ಈ ಹೆಸರಿಗೆ ಯಾರೂ ನಗುವುದಿಲ್ಲ.
ಓಣಿಗೊಬ್ಬ ಹುಚ್ಚರಾಯ, ಹುಚ್ಚಪ್ಪ, ಹುಚ್ಚಮ್ಮ;
ಊರ ಹನುಮಂತನದೇ ಹೆಸರು.
ಹರಕೆ ಹೊತ್ತು ಹೆತ್ತ ಮಗನಿಗೆ ಅತ್ತೆ ಅದನ್ನೇ ಇಟ್ಟರು,
ಲಗ್ನಪತ್ರಿಕೆಯಲ್ಲಿ ನನ್ನ ಹೆಸರಿನ ಪಕ್ಕ
ದಪ್ಪಕ್ಷರದಲ್ಲಿ ಬಂತು.

ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ ಮಾತ್ರ,
ಮನೋರೋಗದ ಕೋಣೆಯ ಮುಂದೆ,
ನರ್ಸು ಚೀಟಿ ನೋಡಿ ಕೂಗಿದಳು: "ಹುಚ್ಚರಾಯಪ್ಪ!"
ಬೆಂಚಿನ ತುಂಬ ತಲೆಗಳು ಎದ್ದವು.
ಗಾಜನೂರಿನ ಮುದುಕಿಯೊಬ್ಬಳು ಕೇಳಿದಳು,
"ನಮ್ಮಲ್ಲಿ ಯಾರನ್ನವ್ವಾ?"

ಮೊದಲು ನಕ್ಕಿದ್ದು ಇವರೇ.
ನಾಲ್ಕು ತಿಂಗಳ ಮೇಲೆ.
ಮೂಗಲ್ಲಿ ಹೊರಟು, ಹೊಟ್ಟೆಗಿಳಿದು,
ಕೊನೆಗೆ ಕಣ್ಣಲ್ಲಿ ಇಳಿದ ನಗು.
ಬೆಂಚಿಗೆ ಬೆಂಚೇ ನಕ್ಕಿತು.
ನಾನು ಎದ್ದು ಹೋಗಿ ನಲ್ಲಿಯ ಹತ್ತಿರ ನಿಂತೆ.

ಬಸವಣ್ಯಪ್ಪ ಕಂಬದಿಂದ ಬಿದ್ದ ದಿನ
ಕೆಳಗೆ ಏಣಿ ಹಿಡಿದಿದ್ದವರು ಇವರು.
ಹಿಡಿದ ಏಣಿ ಬಿಟ್ಟಿರಲಿಲ್ಲ.
ಎಲ್ಲರೂ ಹಾಗೇ ಹೇಳಿದರು, ಕಾಗದದಲ್ಲೂ ಹಾಗೇ ಬರೆದರು.
ಇವರ ಕೈ ಮಾತ್ರ ನಂಬಲಿಲ್ಲ:
ತಟ್ಟೆಯ ಅಂಚು, ಮಂಚದ ಕಾಲು, ಬಾಗಿಲ ಚಿಲಕ,
ಸಿಕ್ಕಿದ್ದನ್ನು ರಾತ್ರಿಯಿಡೀ ಹಿಡಿದೇ ಇತ್ತು.

ಗಾಳಿ ಸೋಕಿದೆ ಎಂದ ಭಾವ ತಾಯತ ತಂದ.
"ಗಂಡಸು ಹೀಗೆ ಕೂತರೆ ಮನೆ ನಡೆಯುತ್ತದಾ?"
ಇದನ್ನು ಅಂದದ್ದು ಭಾವನಲ್ಲ. ನಾನು.

ವಾಪಸು ಬರುವಾಗ ಸವಳಂಗದಲ್ಲಿ ಬಸ್ಸು ನಿಂತಿತ್ತು.
ಮಂಡಕ್ಕಿಯ ಪೊಟ್ಟಣ ಬಿಚ್ಚುತ್ತ ಇವರು ಅಂದರು:
"ಹೇಗಿದ್ದೀರಿ ಅಂತ ಕೇಳಬೇಡ ಕಣೇ,
ಅದಕ್ಕೆ ಉತ್ತರ ಹುಡುಕಿ ಹುಡುಕಿ ಸಾಕಾಗಿದೆ.
ಎಷ್ಟಿದೆ ಅಂತ ಕೇಳು."

ಅಲ್ಲಿಂದ ನಮ್ಮ ಬೆಳಗು ಹೀಗೆ.
"ಇವತ್ತೆಷ್ಟು?"
"ನೂರರವತ್ತು."
ಅಂದರೆ ಬಲ್ಬು ಉರಿಯುತ್ತದೆ, ಮಿಕ್ಸಿ ತಿರುಗುವುದಿಲ್ಲ;
ಆ ದಿನ ಯಾರ ಮನೆಯ ನಾಮಕರಣಕ್ಕೂ ನಾವಿಲ್ಲ.
ಇನ್ನೂರ ಹತ್ತು ಅಂದರೆ ಸಂತೆಯ ಚೀಲ ಇವರ ಕೈಗೆ.
ತೊಂಬತ್ತು ಅಂದ ದಿನ ನಾನು ಏನೂ ಅನ್ನುವುದಿಲ್ಲ,
ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತೇನೆ,
ಒಂದು ಸೇರು ಕಾಯಿ ಮಧ್ಯಾಹ್ನದವರೆಗೆ ಬರುವಂತೆ.
ಮಾತ್ರೆ ರಾತ್ರಿ ಎಂಟಕ್ಕೆ.
ನಾನು ಪಾತ್ರೆ ಕುಕ್ಕಿದರೆ ಸಿಂಚನ ಒಳಗಿಂದ ಕೂಗುತ್ತಾಳೆ:
"ಅಪ್ಪಾ, ಅಮ್ಮ ಮುನ್ನೂರು ದಾಟಿದಳು, ಟೀವಿ ಆರಿಸು!"

ಮೊನ್ನೆ ಸೋಮವಾರ, ಕೇಳುವ ಮೊದಲೇ
ನನ್ನ ಬಾಯಿಂದ ಬಂದುಬಿಟ್ಟಿತು: "ನನಗೆ ಎಪ್ಪತ್ತು."
ಯಾಕೆ ಅಂತ ಇವರು ಕೇಳಲಿಲ್ಲ.
ತಂತಿ ಯಾಕೆ ಕಡಿದೆ ಅಂತ ಲೈನ್‌ಮನ್ ಕೇಳುತ್ತ ಕೂರುವುದಿಲ್ಲ,
ಮೊದಲು ಲೈನು ಆಫ್ ಮಾಡುತ್ತಾನೆ.
ನನ್ನ ಫೋನು ತೆಗೆದು ಅಕ್ಕಿ ಡಬ್ಬದ ಮೇಲಿಟ್ಟರು.
ಬೀದಿ ಬಾಗಿಲು ಮುಂದೂಡಿದರು.
ಕೈಯಿಂದ ತಟ್ಟಿದ ರೊಟ್ಟಿ
ಒಂದು ಕಡೆ ದಪ್ಪ, ಒಂದು ಕಡೆ ತೂತು, ನಡುವೆ ಸೀದದ್ದು.
ತಟ್ಟುವಾಗ ಕೈ ಬಿಚ್ಚಿಯೇ ಇತ್ತು.
ಅದನ್ನು ನಾನು ನೋಡಿದೆ, ಹೇಳಲಿಲ್ಲ.

ಇನ್ನೂ ಕಂಬ ಹತ್ತಿಲ್ಲ. ಹತ್ತುತ್ತಾರೋ, ಗೊತ್ತಿಲ್ಲ.
ಆಫೀಸಿನಲ್ಲಿ ದೂರಿನ ಪುಸ್ತಕ ಬರೆಯುತ್ತಾರೆ:
ಯಾವ ಓಣಿ, ಯಾರ ಮನೆ, ಎಷ್ಟು ಹೊತ್ತಿನಿಂದ ಕತ್ತಲೆ.
ಫೋನಿನಲ್ಲಿ ಬೈಯುವವರು, "ಯಾರ್ರೀ ಮಾತಾಡೋದು, ಹೆಸರೇನು?"
ಅಂದರೆ ಪೂರ್ತಿ ಹೆಸರು ಹೇಳುತ್ತಾರೆ.
ಅಮಾವಾಸ್ಯೆಗೊಮ್ಮೆ ಬಸವಣ್ಯಪ್ಪನ ಮನೆಗೆ ಹೋಗಿ
ಗಂಗಕ್ಕನ ಎದುರು ಸುಮ್ಮನೆ ಕೂತು ಬರುತ್ತಾರೆ.
ಬಂದ ಮರುದಿನ ನೂರಿಪ್ಪತ್ತು. ಆದರೂ ಹೋಗುತ್ತಾರೆ.

ಆಸ್ಪತ್ರೆಯ ಬೆಂಚಿನಲ್ಲಿ ಈಗ ಗಾಜನೂರಿನ ಮುದುಕಿ
ಎಲೆಯಡಿಕೆ ಚೀಲವಿಟ್ಟು ನಮಗೆ ಜಾಗ ಹಿಡಿದಿರುತ್ತಾಳೆ.
"ಎಷ್ಟಪ್ಪಾ ರಾಯ, ಇವತ್ತು?"
"ನೂರ ತೊಂಬತ್ತು ಅಜ್ಜಿ. ನಿಮಗೆ?"
ಅವಳು ಬೆರಳು ಮಡಚಿ ಮಡಚಿ ಎಣಿಸುತ್ತಾಳೆ,
ನಡುವೆ ಲೆಕ್ಕ ತಪ್ಪುತ್ತದೆ,
ಮತ್ತೆ ಒಂದರಿಂದ.